ಬಲ್ಲವನೂ ಬೀಳುವುದೇಕೆ?

ಧರ್ಮವು ಇಂಥದೆಂದು ಅರಿಯದವನು ಅಧರ್ಮವನ್ನು ಮಾಡಿದರೆ ಅದರಲ್ಲಿ ಆಶ್ಚರ್ಯವಿಲ್ಲ; ಅವನಿಗೆ ತಿಳಿವಳಿಕೆಯನ್ನು ಕೊಟ್ಟರೆ ಸರಿಹೋದಾನು. ಆದರೆ ಧರ್ಮವನ್ನು ಚೆನ್ನಾಗಿ ಬಲ್ಲವನು, ನಿನ್ನೆಯ ರಾತ್ರಿ ಕಣ್ಣೀರಿಟ್ಟು ಇನ್ನು ಮಾಡೆನೆಂದು ಸಂಕಲ್ಪಿಸಿದವನು, ಈ ದಿನ ಮತ್ತೆ ಅದೇ ಕೆಲಸಕ್ಕೆ ಕೈಹಾಕುವನಲ್ಲಾ, ಅದಕ್ಕೇನು ಕಾರಣ? ಪ್ರಪನ್ನಗೀತೆಯಲ್ಲಿ ದುರ್ಯೋಧನನು, ಧರ್ಮಾಧರ್ಮಗಳೆರಡೂ ತನಗೆ ಗೊತ್ತಿದ್ದರೂ ನಡೆಯು ಮಾತ್ರ ತನ್ನ ವಶದಲ್ಲಿಲ್ಲವೆಂದು ಹೇಳಿಕೊಳ್ಳುತ್ತಾನೆ. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನನು, ಬಯಸದಿರುವ ಮನುಷ್ಯನನ್ನೂ ಪಾಪಕ್ಕೆ ನೂಕುವ ಶಕ್ತಿ ಯಾವುದೆಂದು ಶ್ರೀಕೃಷ್ಣನನ್ನು ಕೇಳುತ್ತಾನೆ. ಕ್ರೈಸ್ತರ ವೇದದಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ, ಪೌಲನು ತಾನು ಬಯಸಿದ ಒಳಿತು ತನ್ನಿಂದಾಗದೆ ಹಗೆಮಾಡುವ ಕೆಡುಕೇ ಆಗಿಹೋಗುತ್ತಿದೆಯೆಂದು ಗೋಳಿಡುತ್ತಾನೆ.

ಮೂವರ ಮಾತಿನ ವಿಷಯವು ಒಂದೇ. ಆದರೆ ಭಾವವು ಒಂದಲ್ಲ. ಮೊದಲನೆಯ ಮಾತನ್ನು ಲೋಕದ ಜನರು ಸಾಮಾನ್ಯವಾಗಿ ನೆವವಾಗಿ ಬಳಸುವರು. ಎರಡನೆಯದು ಜಿಜ್ಞಾಸೆ. ಮೂರನೆಯದು ಬಿಡುಗಡೆಯನ್ನು ಬೇಡುವ ಕೂಗು. ತನ್ನ ದೌರ್ಬಲ್ಯವನ್ನು ಕಂಡುಕೊಂಡ ಮನುಷ್ಯನು ಈ ಮೂರರಲ್ಲಿ ಯಾವ ಬಗೆಯಾಗಿ ಮಾತಾಡುವನೋ ಅದರ ಮೇಲೆಯೇ ಅವನ ಮುಂದಿನ ಬಾಳು ನಿಂತಿರುತ್ತದೆ. ಕ್ರೈಸ್ತಮತದಲ್ಲಿ ಈ ವಿಷಯವನ್ನು ತನ್ನ ಬಾಳಿನ ಮೇಲೆಯೇ ಒರೆಹಚ್ಚಿ ನೋಡಿದವರಲ್ಲಿ ಅಗಸ್ಟೀನನು ಅಗ್ರಗಣ್ಯನು. ಆದುದರಿಂದ ಆತನ ಚರಿತ್ರೆಯನ್ನು ಆಧಾರವಾಗಿಟ್ಟುಕೊಂಡು ವಿಚಾರಮಾಡುವುದು ಯುಕ್ತವಾಗಿದೆ.

ಅಗಸ್ಟೀನನು ಕ್ರಿ. ಶ. 354ರಲ್ಲಿ ಉತ್ತರ ಆಫ್ರಿಕದ ಥಗಾಸ್ಟೆಯೆಂಬ ಊರಿನಲ್ಲಿ ಹುಟ್ಟಿದನು. ಈಗ ಆ ಸ್ಥಳವು ಆಲ್ಜೀರಿಯ ದೇಶದಲ್ಲಿದೆ. ತಾಯಿಯಾದ ಮೋನಿಕಳು ದೃಢಭಕ್ತಿಯುಳ್ಳ ಕ್ರೈಸ್ತಳು. ಮಗನು ಕಾರ್ಥೇಜಿನಲ್ಲಿ ಓದಿ ವಾಕ್‌ಶಾಸ್ತ್ರದಲ್ಲಿ ಪ್ರವೀಣನಾದನು. ಸುಮಾರು ಒಂಬತ್ತು ವರ್ಷಗಳ ಕಾಲ ಮಾಣಿಮತದವರ ಬೋಧೆಯನ್ನು ಅನುಸರಿಸಿದನು. 383ರಲ್ಲಿ ರೋಮಿಗೂ ಮರುವರ್ಷ ಮಿಲಾನ್ ನಗರಕ್ಕೂ ಹೋಗಿ ಅಲ್ಲಿ ರಾಜಾಶ್ರಯವುಳ್ಳ ಉಪಾಧ್ಯಾಯನಾದನು. 387ರಲ್ಲಿ ದೀಕ್ಷಾಸ್ನಾನವನ್ನು ಪಡೆದು ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಹಿಪ್ಪೋ ಪಟ್ಟಣದ ಬಿಷಪನಾಗಿ ಕೊನೆಯವರೆಗೂ ಅಲ್ಲಿಯೇ ಇದ್ದನು. ಸುಮಾರು 397ರಲ್ಲಿ ಬರೆಯತೊಡಗಿದ ಹದಿಮೂರು ಭಾಗಗಳ 'ಕನ್ಫೆಶನ್ಸ್' ಎಂಬ ಪಾಪನಿವೇದನೆಯ ಗ್ರಂಥದಲ್ಲಿ ತನ್ನ ಅಂತರಂಗವನ್ನು ದೇವರ ಮುಂದೆ ಬಿಚ್ಚಿಟ್ಟಿದ್ದಾನೆ.

ಪಾಪವು ಹೇಗೆ ಬಲಗೊಳ್ಳುವುದೆಂಬುದನ್ನು ಆತನು ಅಲ್ಲಿ ನಾಲ್ಕು ಕೊಂಡಿಗಳ ಸರಪಳಿಯಾಗಿ ತೋರಿಸುತ್ತಾನೆ. ಮೊದಲು ಇಚ್ಛೆಯು ಓರೆಯಾಗುವುದು. ಓರೆಯಾದ ಇಚ್ಛೆಯಿಂದ ಕಾಮವು ಹುಟ್ಟುವುದು. ಕಾಮವನ್ನು ಸೇವಿಸುತ್ತ ಬಂದರೆ ಅದು ಅಭ್ಯಾಸವಾಗುವುದು. ಅಭ್ಯಾಸವನ್ನು ತಡೆಯದಿದ್ದರೆ ಅದು ಅನಿವಾರ್ಯವಾಗುವುದು. ಆತನನ್ನು ಕಟ್ಟಿದುದು ಹೊರಗಿನ ಕಬ್ಬಿಣವಲ್ಲ, ಆತನ ಇಚ್ಛೆಯೇ ಕಬ್ಬಿಣವಾಗಿಹೋಗಿತ್ತು. ನಮ್ಮ ಶಾಸ್ತ್ರಕಾರರು ವಾಸನೆಯೆಂದೂ ಸಂಸ್ಕಾರವೆಂದೂ ಹೇಳುವುದನ್ನು ಇದರೊಡನೆ ಹೋಲಿಸಬಹುದು. ಜನ್ಮಾಂತರದ ವಿಚಾರದಲ್ಲಿ ಎರಡು ಮತಗಳಿಗೂ ಭೇದವಿದ್ದರೂ, ಮಾಡಿದ ಕೆಲಸವು ಮಾಡುವವನಲ್ಲಿ ಜಾಡನ್ನು ಬಿಟ್ಟುಹೋಗುವುದೆಂಬ ಅಂಶದಲ್ಲಿ ಭೇದವಿಲ್ಲ.

ಈ ಜಾಡು ಎಷ್ಟು ಸಣ್ಣದಾಗಿ ಮೊದಲಾಗುವುದೆಂಬುದಕ್ಕೆ ಆತನು ತನ್ನ ತಾಯಿಯ ಬಾಲ್ಯದ ಒಂದು ಸಂಗತಿಯನ್ನೇ ಹೇಳುತ್ತಾನೆ. ಮೋನಿಕಳು ಹುಡುಗಿಯಾಗಿದ್ದಾಗ ಪೀಪಾಯಿಯಿಂದ ದ್ರಾಕ್ಷಾರಸವನ್ನು ತರುವ ಕೆಲಸವನ್ನು ಮನೆಯವರು ಅವಳಿಗೆ ಒಪ್ಪಿಸಿದ್ದರು. ಅವಳಿಗೆ ಮದ್ಯದ ಆಸೆಯಿರಲಿಲ್ಲ; ಬರಿಯ ಮಕ್ಕಳಾಟಿಕೆಯಿಂದ ತುಟಿಗೆ ತಾಗಿಸಿ ನೋಡಿದಳು. ದಿನದಿನವೂ ಆ ಸ್ವಲ್ಪಕ್ಕೆ ಸ್ವಲ್ಪ ಸೇರಿ, ಕೊನೆಗೆ ಬಟ್ಟಲುಗಟ್ಟಲೆ ಕುಡಿಯುವಂತಾಯಿತು. ಒಂದು ದಿನ ದಾಸಿಯೊಡನೆ ಜಗಳವಾದಾಗ ಅವಳು ಚಿಕ್ಕ ಯಜಮಾನಿಯನ್ನು ಕುಡುಕಿಯೆಂದು ಹಂಗಿಸಿದಳು. ಆ ಮಾತು ಮುಳ್ಳಿನಂತೆ ನಾಟಿತು. ಅಂದಿನಿಂದ ಆ ಚಟವು ಬಿಟ್ಟಿತು. ದಾಸಿಯು ನೋಯಿಸಬೇಕೆಂದು ಆಡಿದಳೇ ಹೊರತು ತಿದ್ದಬೇಕೆಂದಲ್ಲ. ಆದರೂ ಒಬ್ಬಳ ಸಿಟ್ಟನ್ನು ಇನ್ನೊಬ್ಬಳ ಮದ್ದಾಗಿ ದೇವರು ಉಪಯೋಗಿಸಿಕೊಂಡನೆಂದು ಅಗಸ್ಟೀನನ ಅಭಿಪ್ರಾಯ. ತಮ್ಮ ದೋಷವನ್ನು ಎತ್ತಿ ಆಡಿದವರ ಉದ್ದೇಶವನ್ನು ಶೋಧಿಸುತ್ತ ಕೂರುವ ಜನರು ಈ ಸಂಗತಿಯನ್ನು ಮನನಮಾಡಬೇಕು. ಆಡಿದವರು ಶತ್ರುಗಳಾಗಿರಬಹುದು, ಆಡಿದ ಮಾತು ನಿಜವಾಗಿರಬಹುದು.

ಎಲ್ಲ ಚಟಗಳೂ ಹೀಗೆ ಒಂದೇ ಮಾತಿಗೆ ಬಿಡತಕ್ಕವಲ್ಲ. ಅಗಸ್ಟೀನನದು ಬಿಡಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಸಿಸಿರೋ ಪಂಡಿತನ ಒಂದು ಗ್ರಂಥವನ್ನೋದಿ ಜ್ಞಾನದಲ್ಲಿ ಪ್ರೀತಿಯು ಹುಟ್ಟಿದ್ದರೂ ಇಂದ್ರಿಯಗಳ ಸೆಳೆತವು ಕಡಮೆಯಾಗಲಿಲ್ಲ. ಯೌವನದಲ್ಲಿ ತಾನು ಬ್ರಹ್ಮಚರ್ಯವನ್ನು ದೇವರಲ್ಲಿ ಬೇಡುತ್ತಿದ್ದರೂ, ಅದು ಈಗಲೇ ಬಂದೀತೆಂಬ ಭಯವೂ ತನಗಿತ್ತೆಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಬೆಳಗಿನ ಜಾವದಲ್ಲಿ ಎಬ್ಬಿಸಿದವರಿಗೆ ಇನ್ನೊಂದು ಗಳಿಗೆ ಎನ್ನುತ್ತ ಹೊದಿಕೆಯನ್ನೆಳೆದುಕೊಳ್ಳುವವನ ಹಾಗೆ ತಾನಿದ್ದೆನೆಂದು ಹೇಳುತ್ತಾನೆ. ಮನಸ್ಸು ಕೈಗೆ ಅಪ್ಪಣೆಮಾಡಿದರೆ ಕೈಯು ಒಡನೆ ಏಳುತ್ತದೆ. ಮನಸ್ಸು ತನಗೆ ತಾನೇ ಅಪ್ಪಣೆಮಾಡಿಕೊಂಡರೆ ನಡೆಯುವುದಿಲ್ಲ. ಈ ವೈಚಿತ್ರ್ಯಕ್ಕೆ ಕಾರಣವೇನೆಂದು ಆತನು ಶೋಧಿಸಿ, ಮನಸ್ಸು ಪೂರ್ತಿಯಾಗಿ ಇಚ್ಛಿಸದಿರುವುದೇ ಕಾರಣವೆಂದು ನಿರ್ಣಯಿಸುತ್ತಾನೆ. ಅರ್ಧ ಮನಸ್ಸಿನಿಂದ ಹೊರಟ ಅಪ್ಪಣೆಗೆ ಉಳಿದರ್ಧವೇ ಅಡ್ಡಿಯಾಗುವುದು.

ಹಾಗಾದರೆ ಸಂಕಲ್ಪವನ್ನು ಇನ್ನೂ ಗಟ್ಟಿಮಾಡಿದರೆ ಸಾಲದೆ ಎಂದು ಕೇಳಬಹುದು. ಇದಕ್ಕೆ ಉತ್ತರವಾಗಿ ಆತನ ಮಿತ್ರನಾದ ಅಲಿಪಿಯಸನ ಕಥೆಯಿದೆ. ನ್ಯಾಯಶಾಸ್ತ್ರವನ್ನೋದಲು ರೋಮಿಗೆ ಹೋಗಿದ್ದ ಈ ತರುಣನಿಗೆ, ಮನುಷ್ಯರು ಒಬ್ಬರನ್ನೊಬ್ಬರು ಇರಿದು ಕೊಲ್ಲುವ ಮಲ್ಲರಂಗದ ಆಟವೆಂದರೆ ಅಸಹ್ಯವಾಗಿತ್ತು. ಸ್ನೇಹಿತರು ಬಲವಂತದಿಂದ ಎಳೆದೊಯ್ದಾಗ, ದೇಹವನ್ನು ಎಳೆಯಬಹುದು, ಮನಸ್ಸನ್ನು ಎಳೆಯಲಾರಿರೆಂದು ಹೇಳಿ, ಅಲ್ಲಿ ಕಣ್ಣನ್ನು ಬಿಗಿಯಾಗಿ ಮುಚ್ಚಿ ಕುಳಿತನು. ಕಿವಿಯನ್ನು ಮುಚ್ಚಿರಲಿಲ್ಲ. ಜನರು ಒಮ್ಮೆಲೆ ಬೊಬ್ಬೆಯಿಟ್ಟಾಗ ಕುತೂಹಲದಿಂದ ಕಣ್ಣು ತೆರೆದನು, ರಕ್ತವನ್ನು ಕಂಡನು, ಮುಖವನ್ನು ತಿರುಗಿಸಲಾರದೆ ಹೋದನು. ಅಂದಿನಿಂದ ತಾನೇ ಬೇರೆಯವರನ್ನು ಎಳೆದುಕೊಂಡು ಹೋಗುವಷ್ಟು ಆ ಆಟದ ಹುಚ್ಚು ಹಿಡಿಯಿತು. ತನ್ನ ಬಲದಲ್ಲಿಟ್ಟ ಭರವಸೆಯೇ ಅವನನ್ನು ಕೆಡವಿತೆಂದೂ, ಬಹುಕಾಲದ ಮೇಲೆ ದೇವರಲ್ಲಿ ಭರವಸೆಯನ್ನಿಡಲು ಕಲಿತು ಎದ್ದನೆಂದೂ ಅಗಸ್ಟೀನನು ಬರೆದಿದ್ದಾನೆ.

ಆತನ ಸ್ವಂತ ಸರಪಳಿಯು ಹರಿದುದು 386ರ ಬೇಸಗೆಯಲ್ಲಿ, ಮಿಲಾನಿನ ಒಂದು ತೋಟದಲ್ಲಿ. ಅಂಜೂರದ ಮರದ ಕೆಳಗೆ ಬಿದ್ದು ಅಳುತ್ತಿದ್ದವನಿಗೆ ನೆರೆಮನೆಯ ಕಡೆಯಿಂದ, ತೆಗೆದು ಓದೆಂದು ಹಾಡುವ ಮಗುವಿನ ದನಿಯು ಕೇಳಿಸಿತು, ಆತನು ಪೌಲನ ಪತ್ರಿಕೆಯನ್ನು ತೆರೆದು, ದುರಾಶೆಗಳನ್ನು ಬಿಟ್ಟು ಕ್ರಿಸ್ತನನ್ನು ಧರಿಸಿಕೊಳ್ಳಬೇಕೆಂಬ ಭಾಗವನ್ನು ಕಂಡನು, ಸಂಶಯವು ಕಳೆಯಿತು. ಈ ಕಥೆಯು ಪ್ರಸಿದ್ಧವಾದುದೇ. ಆದರೆ ಆ ಗಳಿಗೆಯ ಹಿಂದೆ ಏನೇನಿತ್ತೆಂಬುದನ್ನು ಜನರು ಗಮನಿಸುವುದು ಕಡಮೆ. ಬಿಷಪನಾದ ಅಂಬ್ರೋಸನ ಉಪನ್ಯಾಸಗಳನ್ನು ಆತನು ಬಹುಕಾಲ ಕೇಳಿದ್ದನು. ತಾಯಿಯು ವರ್ಷಾನುವರ್ಷ ಅತ್ತು ಪ್ರಾರ್ಥಿಸಿದ್ದಳು. ಅದೇ ದಿನ ಪೊಂಟೀಶಿಯನಸನೆಂಬ ಸ್ವದೇಶೀಯನು ಮನೆಗೆ ಬಂದು, ಐಗುಪ್ತದ ತಪಸ್ವಿಯಾದ ಆಂಟನಿಯ ವಿಷಯವನ್ನೂ, ಆ ಚರಿತ್ರೆಯನ್ನೋದಿ ರಾಜಸೇವೆಯನ್ನೇ ತೊರೆದ ಇಬ್ಬರು ಅಧಿಕಾರಿಗಳ ವಿಷಯವನ್ನೂ ಹೇಳಿದ್ದನು. ತೋಟದಲ್ಲಿ ಅಲಿಪಿಯಸನು ಜೊತೆಯಲ್ಲಿದ್ದನು. ಕೃಪೆಯು ಆಕಾಶದಿಂದ ಬಂದಿತೆಂಬುದು ಕ್ರೈಸ್ತರ ನಂಬಿಕೆ. ಆದರೆ ಅದು ಗುರುವಿನ ಮಾತು, ತಾಯಿಯ ಕಣ್ಣೀರು, ಅತಿಥಿಯ ಕಥೆ, ಮಿತ್ರನ ಸನ್ನಿಧಿ, ಇವುಗಳ ಮೂಲಕವಾಗಿಯೇ ಇಳಿದುಬಂದಿತು. ರಹಸ್ಯವಾಗಿ ಬೆಳೆದ ಪಾಪವನ್ನು ರಹಸ್ಯವಾಗಿಯೇ ಗೆಲ್ಲುವೆನೆಂದು ಹೊರಟವನು ಈ ಸಾಧನಗಳನ್ನೆಲ್ಲ ಕೈಯಾರೆ ತಳ್ಳಿಬಿಡುತ್ತಾನೆ.

ಇಲ್ಲಿಗೆ ಕಥೆಯು ಮುಗಿದಿದ್ದರೆ ಅದು ಪಾಪದಲ್ಲಿ ಮತ್ತೆಮತ್ತೆ ಬೀಳುವವನಿಗೆ ಸಮಾಧಾನಕ್ಕಿಂತ ಹೆಚ್ಚಾಗಿ ನಿರಾಶೆಯನ್ನೇ ತಂದೀತು. ತನಗೆ ಅಂಥ ತೋಟವೂ ಇಲ್ಲ, ಅಂಥ ದನಿಯೂ ಇಲ್ಲವೆಂದು ಅವನು ಕುಗ್ಗಿಹೋದಾನು. ಆದರೆ ಅಗಸ್ಟೀನನು ಹತ್ತನೆಯ ಭಾಗದಲ್ಲಿ, ಬಿಷಪನಾದ ಮೇಲಿನ ತನ್ನ ಸ್ಥಿತಿಯನ್ನು ಬರೆಯುತ್ತಾನೆ. ಹಳೆಯ ಕಾಮದ ಚಿತ್ರಗಳು ಈಗಲೂ ಕನಸಿನಲ್ಲಿ ಬರುತ್ತಿವೆ. ಅನ್ನವನ್ನು ಔಷಧದಂತೆ ಸೇವಿಸಬೇಕೆಂದು ಕುಳಿತರೂ, ಹಸಿವು ತೃಪ್ತಿಯಾಗುವ ದಾರಿಯಲ್ಲಿಯೇ ರುಚಿಯು ಬಲೆಯನ್ನೊಡ್ಡುತ್ತದೆ. ದೇವಾಲಯದಲ್ಲಿ ಒಮ್ಮೊಮ್ಮೆ ಹಾಡಿನ ಅರ್ಥಕ್ಕಿಂತ ರಾಗವೇ ಮನಸ್ಸನ್ನು ಸೆಳೆದುಬಿಡುತ್ತದೆ. ದಾರಿಯಲ್ಲಿ ನಾಯಿಯು ಮೊಲವನ್ನಟ್ಟುವುದನ್ನು ಕಂಡರೆ, ಮನೆಯಲ್ಲಿ ಹಲ್ಲಿಯು ನೊಣವನ್ನು ಹಿಡಿಯುವುದನ್ನು ಕಂಡರೆ, ಧ್ಯಾನವು ಅತ್ತ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಜನರ ಹೊಗಳಿಕೆಯು ಹಿತವಾಗುತ್ತದೆ. ಲೋಕವು ಮಹಾತ್ಮನೆಂದು ಕೊಂಡಾಡುತ್ತಿದ್ದವನು ಹೀಗೆ ಬರೆದುಕೊಂಡುದು ಸಾಮಾನ್ಯ ಧೈರ್ಯವಲ್ಲ.

ಇದೇ ಭಾಗದಲ್ಲಿ, ದೇವರು ಏನನ್ನು ವಿಧಿಸುವನೋ ಅದನ್ನು ನಡೆಸುವ ಶಕ್ತಿಯನ್ನೂ ಅವನೇ ದಯಪಾಲಿಸಬೇಕೆಂಬ ಅರ್ಥದ ಪ್ರಾರ್ಥನೆಯೊಂದಿದೆ. ರೋಮಿನಲ್ಲಿ ಇದನ್ನು ಕೇಳಿದ ಪೆಲಾಜಿಯಸನೆಂಬ ಬೋಧಕನಿಗೆ ಸಿಟ್ಟು ಬಂದಿತು. ಎಲ್ಲವೂ ಕೃಪೆಯೆಂದರೆ ಜನರು ಪ್ರಯತ್ನವನ್ನು ಬಿಟ್ಟು ಸೋಮಾರಿಗಳಾಗುವರೆಂದು ಅವನ ಆತಂಕ. ಈ ಆತಂಕವನ್ನು ಹುರುಳಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ನಮ್ಮ ಶ್ರೀವೈಷ್ಣವರಲ್ಲಿಯೂ ಇಂಥದೇ ವಿವಾದವಿರುವುದನ್ನು ವಾಚಕರು ಬಲ್ಲರು. ತಾಯಿಯ ಹೊಟ್ಟೆಯನ್ನು ತಾನೇ ಅವಚಿ ಹಿಡಿದುಕೊಳ್ಳುವ ಕೋತಿಯ ಮರಿಯಂತೆ ಜೀವನಿರಬೇಕೆಂದು ವಡಗಲೆಯವರೂ, ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುವ ಬೆಕ್ಕಿನ ಮರಿಯಂತಿರಬೇಕೆಂದು ತೆಂಗಲೆಯವರೂ ಹೇಳುವರು. ಈ ಹೋಲಿಕೆಯನ್ನು ತೆಗೆದುಕೊಂಡರೆ ಅಗಸ್ಟೀನನು ಮಾರ್ಜಾಲಪಕ್ಷದವನು. ಆದರೂ ಆತನ ನಿತ್ಯದ ನಡೆಯನ್ನು ನೋಡಿದರೆ, ಮೈಮರೆತು ಮಲಗಿದ ಬೆಕ್ಕಿನ ಮರಿಯು ಅಲ್ಲಿ ಕಾಣುವುದಿಲ್ಲ.

ಆಣೆಯಿಡುವ ದುರಭ್ಯಾಸದ ವಿಷಯವಾಗಿ ಆತನು ಮಾಡಿದ ಉಪದೇಶವು ಇದಕ್ಕೆ ಒಳ್ಳೆಯ ನಿದರ್ಶನ. ಮಾತೆತ್ತಿದರೆ ದೇವರಾಣೆ ಎನ್ನುವ ಚಾಳಿಯು ಆಗಿನ ಆಫ್ರಿಕದಲ್ಲಿಯೂ ಹೇರಳವಾಗಿತ್ತು. ಅಗಸ್ಟೀನನು ಸಭೆಯ ಮುಂದೆ ನಿಂತು, ತನಗೂ ಆ ಕೆಟ್ಟ ಚಾಳಿಯಿತ್ತೆಂದೂ, ದೇವರ ಸೇವೆಗೆ ತೊಡಗಿದ ಮೇಲೆ ಅದರ ಭಯಂಕರತ್ವವನ್ನರಿತು ಅದರೊಡನೆ ಹೋರಾಡಿದೆನೆಂದೂ ಹೇಳಿದನು. ಹೋರಾಟದ ಕ್ರಮವೂ ಸರಳವಾದುದೇ. ಈ ದಿನ ಎಚ್ಚರವಾಗಿದ್ದರೆ ನಾಳೆಯ ಶ್ರಮವು ಅಷ್ಟು ಕಡಮೆಯಾಗುವುದು. ಅಭ್ಯಾಸವು ದಿನದಿನವೂ ಸೇರಿ ಕಟ್ಟಿಕೊಂಡದ್ದು. ದಿನದಿನವೂ ಬಿಚ್ಚಿಯೇ ಸಡಿಲಬೇಕು. ಆತನ ಶಿಷ್ಯನೂ ಚರಿತ್ರಕಾರನೂ ಆದ ಪೊಸ್ಸೀಡಿಯಸನು ಇನ್ನೊಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಆತನ ಊಟದ ಮೇಜಿನ ಮೇಲೆ, ಎದುರಿಗಿಲ್ಲದವರನ್ನು ದೂಷಿಸುವವರಿಗೆ ಇಲ್ಲಿ ಸ್ಥಳವಿಲ್ಲವೆಂಬ ಭಾವದ ಪದ್ಯವನ್ನು ಬರೆಯಿಸಿದ್ದರು. ಒಮ್ಮೆ ಆಪ್ತರಾದ ಬಿಷಪರೇ ಆ ನಿಯಮವನ್ನು ಮರೆತಾಗ, ಪದ್ಯವನ್ನು ಅಳಿಸಬೇಕು, ಇಲ್ಲವಾದರೆ ತಾನು ಊಟದ ನಡುವೆಯೇ ಎದ್ದುಹೋಗುವೆನೆಂದು ಗದರಿಸಿದನಂತೆ. ಕೃಪೆಯನ್ನು ನಂಬಿದವನು ಬೇಲಿಯನ್ನು ಕಟ್ಟುವುದನ್ನು ಬಿಡಲಿಲ್ಲ. ಪೆಲಾಜಿಯಸನ ಆತಂಕಕ್ಕೆ ಈ ಮೇಜೇ ಸಾಕಾದ ಉತ್ತರವಾಗಿದೆ.

ಹಾಗಾದರೂ ಬಿದ್ದರೆ? ಅದಕ್ಕೆ ಆತನು ತೋರಿಸುವುದು ಕರ್ತನ ಪ್ರಾರ್ಥನೆಯಲ್ಲಿ ಬರುವ ಕ್ಷಮಾಯಾಚನೆಯನ್ನು. ದೀಕ್ಷಾಸ್ನಾನವು ಒಮ್ಮೆ ಮಾತ್ರ. ಈ ಪ್ರಾರ್ಥನೆಯಾದರೋ ಪ್ರತಿದಿನದ ತೊಳೆಯುವಿಕೆ. ಸಣ್ಣ ದೋಷಗಳನ್ನು ಉಪೇಕ್ಷಿಸುವವರಿಗೆ ಆತನು ಹಡಗಿನ ದೃಷ್ಟಾಂತವನ್ನು ಕೊಡುತ್ತಾನೆ. ದೊಡ್ಡ ಅಲೆಯೂ ಹಡಗನ್ನು ಮುಳುಗಿಸುವುದು; ತಳದಲ್ಲಿ ಹನಿಹನಿಯಾಗಿ ಒಸರುವ ನೀರನ್ನು ತೋಡಿಹಾಕದಿದ್ದರೆ ಅದೂ ಮುಳುಗಿಸುವುದು. ತೋಡುವ ಕೆಲಸವು ಪ್ರಯಾಣವು ಮುಗಿಯುವವರೆಗೂ ತಪ್ಪದು. ಹಾಗೆಂದು ನಾವಿಕನು ಹಡಗನ್ನು ಬಿಟ್ಟು ಹೋಗುವುದಿಲ್ಲ. ಇದಲ್ಲದೆ ಪ್ರಾರ್ಥನೆಗೆ ಎರಡು ರೆಕ್ಕೆಗಳುಂಟೆಂದು ಆತನು ಹೇಳುತ್ತಾನೆ: ಒಂದು, ತನಗೆ ತಪ್ಪಿದವರನ್ನು ಕ್ಷಮಿಸುವುದು, ಇನ್ನೊಂದು, ಬಡವರಿಗೆ ಕೊಡುವುದು. ತನ್ನ ಪಾಪವನ್ನೇ ಹಗಲಿರುಳೂ ಕೆದಕುತ್ತ ಕೂರುವವನು ಒಂದು ಬಗೆಯಲ್ಲಿ ತನ್ನನ್ನೇ ಧ್ಯಾನಿಸುತ್ತಿರುತ್ತಾನೆ. ಅವನ ಕಣ್ಣನ್ನು ನೆರೆಯವನ ಕಡೆಗೆ ತಿರುಗಿಸುವುದೇ ಈ ರೆಕ್ಕೆಗಳ ಕೆಲಸ.

ಇಲ್ಲಿ ಒಂದು ಕಠಿನವಾದ ಮಾತನ್ನು ಹೇಳದೆ ವಿಧಿಯಿಲ್ಲ. ಕಾರ್ಥೇಜಿನಲ್ಲಿದ್ದಾಗಿನಿಂದ ಅಗಸ್ಟೀನನು ಒಬ್ಬ ಸ್ತ್ರೀಯೊಡನೆ ವಿಧಿಯುಕ್ತ ವಿವಾಹವಿಲ್ಲದೆ ಬಾಳಿದ್ದನು. ಆಕೆಯಲ್ಲಿ ಅದೆಯೊದಾತಸನೆಂಬ ಮಗನೂ ಹುಟ್ಟಿದ್ದನು. ಮಿಲಾನಿನಲ್ಲಿ ದೊಡ್ಡ ಮನೆತನದ ಸಂಬಂಧವು ಕೂಡಿಬರಲು, ಹತ್ತಿರ ಹತ್ತಿರ ಹದಿನೈದು ವರ್ಷಗಳ ಸಂಗಾತಿಯಾದ ಆಕೆಯನ್ನು ಆಫ್ರಿಕಕ್ಕೆ ಹಿಂದಿರುಗಿಸಿದರು. ಆಕೆಯು ಇನ್ನೊಬ್ಬ ಪುರುಷನನ್ನು ಅರಿಯೆನೆಂದು ವ್ರತತೊಟ್ಟು, ಮಗನನ್ನು ತಂದೆಯಲ್ಲಿಯೇ ಬಿಟ್ಟು ಹೊರಟುಹೋದಳು. ನಿಶ್ಚಯವಾದ ಕನ್ಯೆಗೆ ವಯಸ್ಸು ಬರುವುದಕ್ಕೆ ಇನ್ನೂ ಸುಮಾರು ಎರಡು ವರ್ಷಗಳಿದ್ದುವು. ಅಷ್ಟು ಕಾಲವನ್ನೂ ತಾಳಲಾರದೆ ಅಗಸ್ಟೀನನು ಮತ್ತೊಬ್ಬಳನ್ನು ಇಟ್ಟುಕೊಂಡನು. ಆ ಮೊದಲಿನವಳ ಮುಂದೆ ತಾನು ಹೀನನಾದೆನೆಂದೂ, ತನ್ನ ಹೃದಯವು ಗಾಯಗೊಂಡು ರಕ್ತ ಸುರಿಸಿತೆಂದೂ ಆತನು ಒಪ್ಪಿಕೊಂಡಿದ್ದಾನೆ. ಆದರೆ ಬಾಲ್ಯದಲ್ಲಿ ಗೆಳೆಯರೊಡನೆ ಕದ್ದು ಹಂದಿಗಳಿಗೆ ಎಸೆದ ಪೇರುಹಣ್ಣುಗಳಿಗಾಗಿ ಪುಟಗಟ್ಟಲೆ ಮರುಗಿದವನು, ಈಕೆಗಾದ ಅನ್ಯಾಯಕ್ಕೆ ಕೆಲವೇ ಸಾಲುಗಳನ್ನು ಮೀಸಲಿಟ್ಟನು. ಆಕೆಯ ಹೆಸರನ್ನೂ ಬರೆಯಲಿಲ್ಲ. ತನ್ನ ಕಾಮವು ಆತನಿಗೆ ಪಾಪವಾಗಿ ಕಂಡಷ್ಟು ಸ್ಪಷ್ಟವಾಗಿ ಆಕೆಯ ದುಃಖವು ತನ್ನ ಪಾಪವಾಗಿ ಕಾಣಲಿಲ್ಲವೆಂದು ಓದುವವರಿಗೆ ತೋರಿದರೆ ತಪ್ಪಲ್ಲ. ಬಿಷಪನಾದ ಮೇಲೆ ಕೂಡ, ಭಿನ್ನಪಂಥದವರಾದ ಡೊನಾಟಿಸ್ಟರನ್ನು ಒತ್ತಾಯದಿಂದ ಸಭೆಗೆ ಸೇರಿಸಬಾರದೆಂದು ಮೊದಲು ಹೇಳುತ್ತಿದ್ದವನು, 408ರ ಸುಮಾರಿಗೆ ರಾಜದಂಡದ ಬಲಾತ್ಕಾರವನ್ನು ಸಮರ್ಥಿಸಿ ಬರೆದನು.

ಈ ಮಾತುಗಳನ್ನು ಹೇಳುವುದು ಮಹಾಪುರುಷನನ್ನು ಇಳಿಸುವುದಕ್ಕಲ್ಲ. ಮನುಷ್ಯನು ಯಾವ ಪಾಪದೊಡನೆ ಬಹಳವಾಗಿ ಹೆಣಗುತ್ತಿರುವನೋ ಅದೇ ಅವನ ಅತ್ಯಂತ ದೊಡ್ಡ ಪಾಪವೆಂದು ಹೇಳಬರುವುದಿಲ್ಲ. ಕಣ್ಣಿಗೆ ಕಾಣುವ ಶತ್ರುವಿನೊಡನೆ ಹೋರಾಡುವಾಗ ಬೆನ್ನ ಹಿಂದಿನವನು ಮರೆಯಾಗಿರಬಹುದು. ಕುಡಿತವನ್ನು ಬಿಟ್ಟೆನೆಂದು ಬೀಗುವ ಗೃಹಸ್ಥನು, ಕುಡಿದಿದ್ದಾಗ ತಾನು ಅಳಿಸಿದ ಹೆಂಡತಿಯ ಮುಖವನ್ನು ನೋಡಿ ಮಾತಾಡುವುದನ್ನು ಕಲಿತನೋ ಇಲ್ಲವೋ ಎಂಬುದೇ ಅವನ ಬೆಳವಣಿಗೆಯ ಅಳತೆಯಾಗುತ್ತದೆ. ಪಶ್ಚಾತ್ತಾಪವು ದೇವರ ಮುಂದೆ ಮೊದಲಾದರೂ ನೊಂದವರ ಬಾಗಿಲಿನವರೆಗೆ ನಡೆಯದಿದ್ದರೆ ದಾರಿಯು ಅರ್ಧವೇ ಆಯಿತು.

ಅಗಸ್ಟೀನನು ತನ್ನನ್ನು ಮತ್ತೆ ಪರೀಕ್ಷಿಸಿಕೊಳ್ಳುವುದನ್ನು ಮುಪ್ಪಿನಲ್ಲಿಯೂ ಬಿಡಲಿಲ್ಲ. ಎಪ್ಪತ್ತು ದಾಟಿದ ಮೇಲೆ ತನ್ನ ಗ್ರಂಥಗಳನ್ನೆಲ್ಲ ಒಂದೊಂದಾಗಿ ಎದುರಿಗಿಟ್ಟುಕೊಂಡು, ತಪ್ಪಿದ ಸ್ಥಳಗಳನ್ನು ತಾನೇ ತೋರಿಸುವ ಒಂದು ಗ್ರಂಥವನ್ನು ರಚಿಸಿದನು. ಪೌಲನ ಆ ಏಳನೆಯ ಅಧ್ಯಾಯದ ಅರ್ಥವನ್ನೂ ಆತನು ಬದಲಾಯಿಸಿಕೊಂಡನು. ಮೊದಲಲ್ಲಿ, ಆ ಗೋಳು ಇನ್ನೂ ಕೃಪೆಯನ್ನು ಪಡೆಯದ ಮನುಷ್ಯನದೆಂದು ತಿಳಿದಿದ್ದನು. ಆಮೇಲೆ, ಕೃಪೆಯನ್ನು ಪಡೆದ ಪೌಲನೇ ಹಾಗೆ ಗೋಳಿಡಬಹುದೆಂದು ಒಪ್ಪಿದನು. 430ರಲ್ಲಿ ವ್ಯಾಂಡಲರು ಹಿಪ್ಪೋ ಪಟ್ಟಣವನ್ನು ಮುತ್ತಿದ್ದಾಗ ಜ್ವರದಿಂದ ಮಲಗಿದ ಆತನು, ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಹಾಸಿಗೆಗೆ ಎದುರಾದ ಗೋಡೆಯ ಮೇಲೆ ಹಾಕಿಸಿಕೊಂಡನು. ಕೊನೆಯ ಹತ್ತು ದಿನಗಳು ವೈದ್ಯರೂ ಆಹಾರ ತರುವವರೂ ಹೊರತು ಯಾರೂ ಒಳಗೆ ಬರಬಾರದೆಂದು ಹೇಳಿ, ಅವುಗಳನ್ನು ಓದಿ ಓದಿ ಕಣ್ಣೀರಿಡುತ್ತ ಆಗಸ್ಟ್ 28ರಂದು ತೀರಿಕೊಂಡನು. ಆಗ ಎಪ್ಪತ್ತೈದು ವರ್ಷ. ನಲವತ್ತಮೂರು ವರ್ಷಗಳ ಹಿಂದೆ ದೀಕ್ಷೆಯನ್ನು ಪಡೆದಿದ್ದವನಿಗೆ ಇನ್ನೂ ಕಣ್ಣೀರು ಬೇಕಾಗಿತ್ತು. ಇದನ್ನು ಸೋಲೆಂದು ಹೇಳುವವರು, ಅದೇ ಮನುಷ್ಯನು ಹದಿನಾರನೆಯ ವಯಸ್ಸಿನಲ್ಲಿ ಹಣ್ಣನ್ನು ಕದ್ದು ನಗುತ್ತಿದ್ದನೆಂಬುದನ್ನೂ ಜೊತೆಯಲ್ಲಿಟ್ಟು ನೋಡತಕ್ಕದ್ದು.

ಮೇಲೆ ಹೇಳಿದ ಮೂರು ಮಾತುಗಳಿಗೆ ಈಗ ಹಿಂದಿರುಗಬಹುದು. ಬಲ್ಲೆನಾದರೂ ಮಾಡಲಾರೆನೆಂದು ನೆವ ಹೇಳುವವನಿಗೆ ಕೃಪೆಯ ಬೋಧೆಯು ಹಾಸಿಗೆಯಾದೀತು. ಅದರ ವಿಷಯದಲ್ಲಿ ಪೆಲಾಜಿಯಸನ ಎಚ್ಚರಿಕೆಯು ಅವಶ್ಯವೇ. ಆದರೆ ಅದೇ ಮಾತನ್ನು ಗೋಳಾಗಿ ಆಡುವವನನ್ನು, ಪದೇಪದೇ ಬೀಳುವನೆಂಬ ಕಾರಣದಿಂದ ಡಾಂಭಿಕನೆಂದು ಕರೆಯಲಾಗದು. ಡಾಂಭಿಕನು ಬಿದ್ದುದನ್ನು ಮುಚ್ಚಿಡುವನು. ಇವನಾದರೋ ಹೇಳಿಕೊಂಡು ಎದ್ದು ಮತ್ತೆ ನಡೆಯುವನು.

ಮಿಲಾನಿನ ಆ ತೋಟದಲ್ಲಿ ನಡೆದ ಇನ್ನೊಂದು ಚಿಕ್ಕ ಸಂಗತಿಯುಂಟು. ಅಗಸ್ಟೀನನು ತಾನು ಓದಿದ ಭಾಗವನ್ನು ತೋರಿಸಿದಾಗ, ಅಲಿಪಿಯಸನು ಅಲ್ಲಿಗೇ ನಿಲ್ಲಿಸದೆ ಮುಂದಿನ ಸಾಲನ್ನೂ ಓದಿದನು. ನಂಬಿಕೆಯಲ್ಲಿ ಬಲಹೀನನಾದವನನ್ನು ಸೇರಿಸಿಕೊಳ್ಳಬೇಕೆಂಬುದು ಅದರ ಅರ್ಥ. ಮಲ್ಲರಂಗದಲ್ಲಿ ಒಮ್ಮೆ ಸೋತಿದ್ದ ಆ ಮಿತ್ರನು, ಅದು ತನಗೇ ಹೇಳಿದ ಮಾತೆಂದು ತಿಳಿದು, ಅಗಸ್ಟೀನನ ಜೊತೆಗೂಡಿದನು. ಇಬ್ಬರೂ ಒಟ್ಟಿಗೆ ಒಳಗೆ ಹೋಗಿ ತಾಯಿಗೆ ಸಂಗತಿಯನ್ನು ತಿಳಿಸಿದರು.